ಲಗಮಪ್ಪನ ಮನೆಯ ಮರದ ಇಕ್ಕಳ

ಸಂಜೆ ನಾಲ್ಕು ಗಂಟೆಗೆ ಲಗಮಪ್ಪನ ಎಡಗಾಲಿನ ಹೆಬ್ಬೆರಳಿಗೆ ಆರಿ ಚುಚ್ಚಿತು. ಅವನಿಗೆ ಅದು ತಿಳಿಯಲಿಲ್ಲ. ತೊಗಲಿಗೆ ತೂತು ಹಾಕುವ ಆ ಉಕ್ಕಿನ ಮೊನೆಯನ್ನು ಹೊರಗೆಳೆದು, ದಾರ ಪೋಣಿಸಿ, ಮುಂದಿನ ತೂತಿಗೆ ಹೋದ. ರಕ್ತವನ್ನು ಮೊದಲು ಕಂಡವಳು ಅವನ ಹೆಂಡತಿ ಕಸ್ತೂರೆವ್ವ. ನಾನು ಹುಟ್ಟಲು ಇದೇ ಕಾರಣ.

ನಾನು ಒಂದು ಮರದ ಇಕ್ಕಳ. ಎರಡು ಉದ್ದನೆಯ ಹಲಗೆ, ಮೇಲ್ತುದಿಯಲ್ಲಿ ಒಂದನ್ನೊಂದು ಒತ್ತುವ ಎರಡು ದವಡೆ. ನನ್ನ ಮೈ ಇಷ್ಟೇ. ಹೊಲಿಯುವವರು ನನ್ನನ್ನು ತೊಡೆಗಳ ನಡುವೆ ಒತ್ತಿ ಹಿಡಿದರೆ ದವಡೆ ಮುಚ್ಚುತ್ತದೆ, ಜೋಡಿಸಿಟ್ಟ ತೊಗಲು ಅಲ್ಲಾಡುವುದಿಲ್ಲ. ಎರಡೂ ಕೈ ಹೊಲಿಗೆಗೆ ಸಿಗುತ್ತವೆ.

ಅಥಣಿಯಲ್ಲಿ ಲಗಮಪ್ಪನ ಓಣಿಯವರೆಲ್ಲ ಚಪ್ಪಲಿ ಮಾಡುವವರು. ಆದರೆ ಆ ಓಣಿಯಲ್ಲಿ ನನ್ನಂಥದ್ದು ಒಂದೂ ಇರಲಿಲ್ಲ. ಅಲ್ಲಿ ತೊಗಲು ಹಿಡಿಯುವುದು ಕಾಲಿನಿಂದ. ನೆಲದ ಮೇಲೆ ಕುಳಿತು, ಚಪ್ಪಲಿಯ ಅಟ್ಟೆಯನ್ನು ಒಂದು ಕಾಲಿನ ಬೆರಳುಗಳ ಮೇಲಿಟ್ಟು, ಇನ್ನೊಂದು ಕಾಲಿನ ಹಿಮ್ಮಡಿಯಿಂದ ಅದುಮಿ, ಮೇಲಿನಿಂದ ಆರಿ ಇಳಿಸುತ್ತಾರೆ. ಮೊನೆ ತೊಗಲನ್ನು ದಾಟಿತೆಂದು ಕೆಳಗಿನ ಬೆರಳಿಗೆ ಗೊತ್ತಾಗುತ್ತದೆ, ಕೈ ಅಲ್ಲಿಗೇ ನಿಲ್ಲುತ್ತದೆ. ಲಗಮಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲು ಸ್ವಲ್ಪ ಜುಮ್ಮೆನ್ನುತ್ತದೆ, ಅಷ್ಟೇ ಎಂದು ಅವನು ಮನೆಯಲ್ಲಿ ಹೇಳಿಕೊಂಡು ಬಂದಿದ್ದ.

ಮರುದಿನ ಕಸ್ತೂರೆವ್ವ ಬಡಿಗ ಮೌನೇಶನ ಬಳಿಗೆ ಹೋದಳು. ಮಿರಜದಲ್ಲಿ ಕುದುರೆ ಜೀನು ಹೊಲಿಯುವವನ ಹತ್ತಿರ ಆಕೆ ಇಂಥದ್ದೊಂದನ್ನು ನೋಡಿದ್ದಳು. ಅದರ ಆಕಾರವನ್ನು ಇದ್ದಿಲಿನಿಂದ ನೆಲದ ಮೇಲೆ ಬರೆದು ತೋರಿಸಿದಳು.

"ಇದೇನವ್ವಾ, ಇಷ್ಟ ದೊಡ್ಡ ಚಿಮಟಾ? ಯಾರ ಮೂಗ ಹಿಡಿಯಾಕ?" ಎಂದ ಮೌನೇಶ.

"ನಮ್ಮ ಮನಿಯವರ ಹಟಾ ಹಿಡಿಯಾಕ. ಇನ್ನೂ ಒಂದ ಗೇಣ ದೊಡ್ಡದ ಮಾಡಿದ್ರೂ ನಡಿತೈತಿ."

ಹಳೆಯ ಬಾಗಿಲ ಚೌಕಟ್ಟಿನ ಸಾಗುವಾನಿಯಿಂದ ಅವನು ನನ್ನನ್ನು ಸೀಳಿದ. ಹಿಡಿದ ಗುರುತು ಬೀಳಬಾರದೆಂದು ದವಡೆಗಳ ಒಳಮೈಗೆ ತೊಗಲಿನ ಮೆತ್ತೆ ಬೇಕು ಎಂದಿದ್ದಳು ಕಸ್ತೂರೆವ್ವ. ಮೌನೇಶ ತನಗೆ ಗೊತ್ತಿದ್ದಂತೆ ಅದಕ್ಕೆ ಕಬ್ಬಿಣದ ಸಣ್ಣ ಮೊಳೆ ಹೊಡೆದ. ಅವಸರದಲ್ಲಿ ಅವಳೂ ಅದನ್ನು ಗಮನಿಸಲಿಲ್ಲ.

ಗಿಡದ ತೊಗಟೆಯಿಂದ ಹದ ಮಾಡಿದ ತೊಗಲು ಒದ್ದೆಯಿರುವಾಗ ಕಬ್ಬಿಣ ತಾಗಿಕೊಂಡೇ ಇದ್ದರೆ ಕಪ್ಪಾಗುತ್ತದೆ. ತೊಳೆದರೆ ಹೋಗುವ ಕಲೆಯಲ್ಲ ಅದು. ಲಗಮಪ್ಪ ಒಲ್ಲದ ಮನಸ್ಸಿನಿಂದಲೇ ಒದ್ದೆ ಅಟ್ಟೆಯೊಂದನ್ನು ನನ್ನ ಬಾಯಿಗೆ ಕೊಟ್ಟು ಒಂದು ಬದಿ ಹೊಲಿದ. ಹೊರಗೆ ತೆಗೆದಾಗ ಮೊಳೆ ಇದ್ದಲ್ಲೆಲ್ಲ ಕಪ್ಪು ಚುಕ್ಕೆ ಮೂಡಿತ್ತು. ನನ್ನ ಮೊದಲ ಕೆಲಸವೇ ಕೆಟ್ಟಿತು.

"ನೋಡಿದಿ? ತೊಗಲು ಬಿಗಿ ಐತೋ ಸಡಲ ಐತೋ ನನ್ನ ಕಾಲಿಗೆ ತಿಳಿತೈತಿ. ಈ ಕಟ್ಟಿಗಿಗೆ ಏನ್ ತಿಳಿತೈತಿ?" ಎಂದು ಅವನು ನನ್ನನ್ನು ಮೂಲೆಗೆ ಎಸೆದ.

ಅವನ ತಾಯಿ ಸೋನವ್ವ ಅಲ್ಲೇ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದಳು. "ನಿಮ್ಮಪ್ಪ ಕಾಲಾಗ ಹಿಡದ, ನಿಮ್ಮಜ್ಜ ಕಾಲಾಗ ಹಿಡದ. ಈಕಿ ಒಬ್ಬಾಕಿ ಮಿರಜ ನೋಡಿ ಬಂದಾಳ."

ಕಸ್ತೂರೆವ್ವ ಮೊಳೆಗಳನ್ನು ಕಿತ್ತಳು. ಹುಣಸೆ ಬೀಜ ಅರೆದು ಕುದಿಸಿದ ಅಂಟಿನಿಂದ ಮೆತ್ತೆಯನ್ನು ಮತ್ತೆ ಕೂರಿಸಿದಳು. ನನ್ನಲ್ಲಿ ಈಗ ತಪ್ಪಿರಲಿಲ್ಲ. ಲಗಮಪ್ಪ ಮಾತ್ರ ನನ್ನನ್ನು ಮುಟ್ಟಲಿಲ್ಲ.

ಹೆಬ್ಬೆರಳಿನ ಗಾಯಕ್ಕೆ ಅವನು ಅರಿಸಿನ ಒತ್ತಿ ಬಟ್ಟೆ ಸುತ್ತಿಕೊಂಡಿದ್ದ. ಮಾಯಿತು ಎನ್ನುತ್ತಿದ್ದ. ವಾಸನೆ ಬಂದ ಮೇಲೆ ಕಸ್ತೂರೆವ್ವ ಬಟ್ಟೆ ಬಿಚ್ಚಿಸಿದಳು. ಮಿರಜದ ಆಸ್ಪತ್ರೆಯಲ್ಲಿ ಎಡಗಾಲಿನ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು. ಬಲಗಾಲಿಗೆ ರಕ್ತ ಇನ್ನೂ ಕಡಿಮೆ ಹರಿಯುತ್ತಿದೆ, ಅದಕ್ಕೆ ಇಂಥ ಗಾಯವಾದರೆ ಪಾದವೇ ಹೋದೀತು ಎಂದು ಹೇಳಿ ಕಳಿಸಿದರು.

ನಡೆಯಲು ಸಾಧ್ಯವಾದ ಕೂಡಲೇ ಅವನು ಅಟ್ಟೆಯನ್ನು ಬಲಗಾಲಿನ ಬೆರಳುಗಳ ಮೇಲಿಟ್ಟು, ಎಡ ಹಿಮ್ಮಡಿಯಿಂದ ಅದುಮಿ ಹೊಲಿಯತೊಡಗಿದ.

ಕಸ್ತೂರೆವ್ವ ಜಗಳವಾಡಿದಳು, ಅತ್ತಳು. ಕೊನೆಗೆ ನನ್ನನ್ನು ತಾನೇ ಕೈಗೆತ್ತಿಕೊಂಡಳು. ಆ ಮನೆಯಲ್ಲಿ ಪಟ್ಟಿ ಹೆಣೆಯುವುದು ಹೆಂಗಸರ ಕೆಲಸ, ಅಟ್ಟೆ ಹೊಲಿಯುವುದು ಗಂಡಸರದು. ಅವಳು ಹೊಲಿದಷ್ಟೂ ಗಂಡನ ಪಾಲಿನ ಕೆಲಸ ಕಡಿಮೆಯಾಗಲಿ ಎಂಬುದು ಅವಳ ಲೆಕ್ಕ. ಬೆಳಕಿಗಾಗಿ ಬಾಗಿಲಲ್ಲಿ, ಗಂಡನಿಗೆ ಎದುರಾಗಿ ಕುಳಿತಳು.

"ಹೆಣ್ಮಗಳು ತೊಡಿ ನಡುವ ಕಟ್ಟಿಗಿ ಹಿಡಕೊಂಡ ಬಾಗಲದಾಗ ಕೂಡ್ತಾಳ? ಮಂದಿ ಏನ್ ಅಂದಾರು?" ಎಂದಳು ಸೋನವ್ವ.

"ಮಂದಿ ತಮ್ಮ ಕಾಲ ಕೊಡ್ತಾರೇನ್ರಿ ಅತ್ತಿ?"

ಕಸ್ತೂರೆವ್ವನ ಮೊದಲ ಹೊಲಿಗೆಗಳು ಸೊಟ್ಟಗಿದ್ದವು. ತಪ್ಪು ಅವಳ ಕೈಯದಲ್ಲ. ಅವಳ ಕಣ್ಣು ನನ್ನ ದವಡೆಯ ಮೇಲೆ ಎಷ್ಟು ಹೊತ್ತು ಇರುತ್ತಿತ್ತೋ ಅಷ್ಟೇ ಹೊತ್ತು ಗಂಡನ ಕಾಲಿನ ಮೇಲೆ ಇರುತ್ತಿತ್ತು. ಅವಳ ತೊಡೆಗಳು ನನ್ನನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತುತ್ತಿದ್ದವು.

ಒಂದು ಮಧ್ಯಾಹ್ನ ಆ ಒತ್ತು ತಟ್ಟನೆ ಸಡಿಲವಾಯಿತು. ಅವಳು ನನ್ನನ್ನು ನೆಲಕ್ಕಿಟ್ಟು ಎದ್ದಳು. ಆರಿ ಹಿಡಿದಿದ್ದ ಲಗಮಪ್ಪನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ನಿಲ್ಲಿಸಿದಳು.

"ಆರಿ ಈಗ ಎಲ್ಲೈತಿ ಹೇಳ್ರಿ."

"ಎಲ್ಲಿರತೈತಿ? ಅಟ್ಟಿಯಾಗ."

"ಕೈ ಬಿಟ್ಟ ಕಾಲ ಎತ್ರಿ."

ಅವನು ಆರಿ ಬಿಟ್ಟು ಬಲಗಾಲು ಎತ್ತಿದ. ಕಾಲಿನ ಜೊತೆ ಅಟ್ಟೆಯೂ ಎದ್ದಿತು. ಆರಿ ಅಟ್ಟೆಯನ್ನು ದಾಟಿ ಬೆರಳಿಗೆ ಇಳಿದಿತ್ತು.

ಸೋನವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಲಗಮಪ್ಪ ತನ್ನ ಕಾಲನ್ನು ಬೇರೆಯವರ ಕಾಲೆಂಬಂತೆ ನೋಡುತ್ತಾ ಕುಳಿತ.

"ಎರಡ ವರ್ಷ ಆತು," ಎಂದ ಆಮೇಲೆ. "ಈ ಕಾಲಿಗೂ ಏನೂ ತಿಳಿವಲ್ದು."

"ಮತ್ತ ಹೊಲಗಿ ಹೆಂಗ ಹಾಕತಿದ್ರಿ?"

"ಕಣ್ಣಿಲೆ ನೋಡಿ. ಕೈ ರೂಢಿಲೆ."

"ಹೇಳಾಕ ಏನಾಗಿತ್ತು ನಿಮಗ?"

"ಹೇಳಿದ್ರ ನೀವೆಲ್ಲ ಕೂಡಿ ಆರಿ ಕಸಗೋತಿದ್ರಿ. ಆಮ್ಯಾಲ ನಾ ಏನ್ ಮಾಡ್ಲಿ, ಕಟ್ಟಿ ಮ್ಯಾಲ ಕುಂತ ಬಸ್ಸ ಎಣಸ್ಲೇನು?"

ಕಸ್ತೂರೆವ್ವ ಆರಿ ಎಳೆದು ತೆಗೆದಳು, ಗಾಯ ತೊಳೆದಳು, ಒಣ ಬಟ್ಟೆ ಕಟ್ಟಿದಳು. ಆಟೋ ಕರೆಯಲು ಹೊರಗೆ ಹೋಗುವ ಮುಂಚೆ ನನ್ನನ್ನು ತಂದು ಅವನ ತೊಡೆಯ ಮೇಲಿಟ್ಟಳು. ಬರಿದಾಗಿದ್ದ ನನ್ನ ದವಡೆಗಳನ್ನು ಅವನು ಒಮ್ಮೆ ಒತ್ತಿದ, ಬಿಟ್ಟ, ಮತ್ತೆ ಒತ್ತಿದ.

ಆ ಗಾಯ ಮಾಯಲು ಮಳೆಗಾಲ ಪೂರ್ತಿ ಹಿಡಿಯಿತು. ಪಾದ ಉಳಿಯಿತು. ಅಂದಿನಿಂದ ಅವನು ತೊಗಲನ್ನು ಕಾಲಿನಿಂದ ಹಿಡಿದಿಲ್ಲ. ಮನೆಯ ಅಟ್ಟೆಗಳನ್ನೆಲ್ಲ ನಾನೇ ಹಿಡಿದೆ. ಬೆಳಗಿನಲ್ಲಿ ಅವನ ತೊಡೆಗಳ ನಡುವೆ, ಸಂಜೆ ಅವಳ ತೊಡೆಗಳ ನಡುವೆ.

ಈಗ ನನಗೆ ವಯಸ್ಸಾಗಿದೆ. ಒಂದು ಹಲಗೆ ಉದ್ದಕ್ಕೂ ಸೀಳಿದೆ, ದವಡೆಗಳು ಸರಿಯಾಗಿ ಕೂಡುವುದಿಲ್ಲ. ಮನೆಗೆ ಹೊಸ ಇಕ್ಕಳ ಬಂದಿದೆ. ನಾನು ಜೋಳದ ಚೀಲದ ಹಿಂದೆ ನಿಂತಿದ್ದೇನೆ. ಏನೂ ತಿಳಿಯದ ಕಟ್ಟಿಗೆ ಎಂದು ಲಗಮಪ್ಪ ಅಂದು ಅಂದದ್ದು ಸುಳ್ಳಲ್ಲ. ಆರಿ ಎಷ್ಟೋ ಸಲ ನನ್ನನ್ನೂ ಚುಚ್ಚಿದೆ, ನನಗೆ ನೋವಾಗಿಲ್ಲ. ನೋವಿಲ್ಲದಿರುವುದು ಕಟ್ಟಿಗೆಗೆ ಸರಿ. ತನ್ನ ಕಾಲು ಹಾಗಾಗಿದೆ ಎಂಬ ಮಾತು ಅವನ ಬಾಯಿಂದ ಬರುವುದಕ್ಕೆ ಎರಡು ಬೆರಳು ಹೋಗಬೇಕಾಯಿತು.

ಹೋದ ವಾರ ಸ್ನಾನವಾದ ಮೇಲೆ ಅವನು ಬಲ ಹಿಮ್ಮಡಿಯಲ್ಲಿ ಒಂದು ಸೀಳು ಕಂಡ. ಕಸ್ತೂರೆವ್ವನನ್ನು ಕರೆದು ತಾನೇ ತೋರಿಸಿದ. ಮರುದಿನ ಬೆಳಿಗ್ಗೆ ಇಬ್ಬರೂ ಮಿರಜದ ಬಸ್ಸು ಹತ್ತಿದರು.