ಯೋಬನ ಮೊದಲಿನ ಮಕ್ಕಳು

"ಓದೋದಾದ್ರೆ ಓದು, ಇಲ್ಲಾಂದ್ರೆ ಮುಚ್ಚಿಡು. ಸಾಲಿಗೊಂದು ಕೊಂಕು ತೆಗೀಬೇಡ," ಅಂದ ಇಸ್ತ್ರಿ ಮಾವ, ಊಟದ ಡಬ್ಬಿ ಮುಚ್ಚುತ್ತಾ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಊಟದ ಬಿಡುವೆಂದರೆ ಬೈಬಲ್ಲಿನ ಹೊತ್ತು. ಪುಸ್ತಕ ಕಾಜಾ ಅಕ್ಕನದು. ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯಲು ಅವರಿಗೆ ಬೆರಳಿನ ಅಂದಾಜೇ ಸಾಕು, ಸಣ್ಣಕ್ಷರ ಮಾತ್ರ ಈಗೀಗ ಕಣ್ಣಿಗೆ ಹಿಡಿಯದು. ಹಾಗಾಗಿ ಓದುವವನು ನಾನು, ಬಟ್ಟೆ ಕತ್ತರಿಸುವವನು. ದೇವರನ್ನು ನಂಬದವನು. ಆದರೂ ಆ ಪುಸ್ತಕದ ಹುಚ್ಚು ಹಿಡಿದುಬಿಟ್ಟಿತ್ತು. ಪುಟಕ್ಕೊಂದು ಪ್ರಶ್ನೆ ಎತ್ತದೆ ಬಿಡುತ್ತಿರಲಿಲ್ಲ.

"ಕೇಳಲಿ ಬಿಡಿ ಮಾವ, ದೇವರಿಗೇನು ಕಿವಿ ನೋಯಲ್ಲ," ಅನ್ನುತ್ತಿದ್ದರು ಅಕ್ಕ.

ಅವತ್ತು ಯೋಬನ ಕಥೆ ಮುಗಿಯಿತು. ದೇವರ ಪರೀಕ್ಷೆಯಲ್ಲಿ ಒಂದೇ ದಿನ ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಕಳೆದುಕೊಂಡವನು ಯೋಬ. ಕೊನೆಗೆ ದೇವರು ಕುರಿ, ಒಂಟೆ ಎಲ್ಲ ಎರಡರಷ್ಟು ಕೊಡುತ್ತಾನೆ, ಮಕ್ಕಳು ಮತ್ತೆ ಹತ್ತು.

"ಭಲೇ! ಅಂಗಿ ಸುಟ್ಟುಹೋಯ್ತಾ, ತಗೋ ಇನ್ನೊಂದು ಅಂದಂಗಾಯ್ತು. ಯೋಬ ಹಳೇ ಗಿರಾಕಿ ನೋಡಿ!" ಅಂದೆ.

ನಾನೊಬ್ಬನೇ ನಕ್ಕೆ. ಇಸ್ತ್ರಿ ಮಾವ ನನ್ನ ಕಾಲು ತುಳಿದ. ಅಕ್ಕನ ದೊಡ್ಡ ಮಗ ಚಿಕ್ಕಂದಿನಲ್ಲೇ ತೀರಿಹೋಗಿದ್ದ. ಆಮೇಲೆ ಹುಟ್ಟಿದವಳು ಈಗಿರುವ ಮಗಳು. ನನಗಿದು ಗೊತ್ತಿಲ್ಲದ್ದೇನಲ್ಲ. ನಾಲಿಗೆ ಮುಂದೆ ಓಡಿತ್ತು.

"ಅಕ್ಕಾ, ನಾನು..."

"ನಂದೂ ಅದೇ ಪ್ರಶ್ನೆ ಕಣಪ್ಪ," ಅಂದರು ಅಕ್ಕ. "ಮಗಳು ಹುಟ್ಟಿದಾಗ ಎಲ್ಲರೂ, ದೇವರು ವಾಪಸ್ ಕೊಟ್ಟ ಅಂದ್ರು. ಬಂದವಳು ಬೇರೆ ಮಗು ಅಲ್ವಾ? ಇರಲಿ. ಯೋಬನ ಮೊದಲಿನ ಹತ್ತರಲ್ಲಿ ಒಬ್ಬರದಾದ್ರೂ ಹೆಸರಿದ್ಯಾ, ನೋಡು."

ಯೋಬನ ಕಥೆಯ ಮೊದಲ ಪುಟದಿಂದ ಹುಡುಕಿದೆ. ಆಮೇಲೆ ಹುಟ್ಟಿದ ಮೂವರು ಹೆಣ್ಣುಮಕ್ಕಳ ಹೆಸರಿತ್ತು. ಸತ್ತವರದು ಒಂದೂ ಇರಲಿಲ್ಲ. ಇಷ್ಟೆಲ್ಲ ಪ್ರಶ್ನೆ ಕೇಳಿದವನಿಗೆ ಇದು ಕಂಡೇ ಇರಲಿಲ್ಲ.

"ಇಲ್ಲಕ್ಕ."

"ಹೂಂ. ಕಣ್ಣು ಚೆನ್ನಾಗಿದ್ದಾಗ ನಾನೂ ಎಷ್ಟು ಸಲ ಹುಡುಕಿದೀನಿ."

ತಲೆಯೆತ್ತಲಾಗಲಿಲ್ಲ. ಪುಸ್ತಕ ನೋಡುತ್ತಲೇ ಕೇಳಿದೆ, "ನಿಮ್ಮ ದೊಡ್ಡವನ ಹೆಸರೇನಕ್ಕಾ?"

"ಜೊತೆಗೆ ಕೆಲಸ ಮಾಡಿ ಮೂರು ವರ್ಷಕ್ಕೆ ಕೇಳಿದೆ ನೋಡು," ಅಂದರು. ಹೆಸರು ಹೇಳಿದರು.

ಆ ಮಧ್ಯಾಹ್ನ ಗಿರಾಕಿಯೊಬ್ಬನ ಕೋಟಿಗೆ ಎರಡೂ ಎಡತೋಳೇ ಕತ್ತರಿಸಿಟ್ಟೆ. ಅಂಗಡಿ ಯಜಮಾನರು ಎಲ್ಲರೆದುರು ಬೈದರು. ಇನ್ನೂ ಸ್ವಲ್ಪ ಬೈಯಲಿ ಅನ್ನಿಸಿ, ಕತ್ತರಿ ಕೆಳಗಿಟ್ಟು ನಿಂತೇ ಇದ್ದೆ.