ಕರ್ನಲ್ ಹೇಳಿದ ಎರಡು ಸಾಲು

ನಮ್ಮ ಮ್ಯಾನೇಜರ್ ಉಪೇಂದ್ರ ಅವರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಎಂದರೆ ಪ್ರಾಣ, ಯಾಕೆಂದರೆ ಅದು ಪುಕ್ಕಟೆ. ನಮ್ಮ ಆಫೀಸಿದ್ದ ಕೊಂಡಾಪುರದಲ್ಲಿ ವಾರಕ್ಕೊಂದು ಹೊಸ ಕಂಪನಿಯ ಬೋರ್ಡು ಏಳುತ್ತಿದ್ದ ಕಾಲ. ನಾವು ಹಿಂದೆ ಬೀಳುವುದುಂಟೇ? ಇಡೀ ಲಿನಕ್ಸನ್ನು ಮೂಲ ಕೋಡಿನಿಂದಲೇ ಕಟ್ಟಿ ಶುಕ್ರವಾರ ಗಿರಾಕಿಗೆ ತೋರಿಸುತ್ತೇವೆಂದು ಅವರು ಘೋಷಿಸಿಬಿಟ್ಟರು. ಘೋಷಣೆ ಅವರದು. ಕಟ್ಟುವವಳು ನಾನು, ಸೇಡಂನಿಂದ ಬಂದ ಟ್ರೇನಿ ಸುಮಂಗಲಾ. ಡೆಮೊ ಗೆದ್ದರೆ ನನ್ನ ಕೆಲಸ ಕಾಯಂ.

ಸೋಮವಾರ ಕಂಪೈಲ್, ಅಂದರೆ ಆ ಕಟ್ಟುವ ಕೆಲಸ, ಒಂದು ಫೈಲಿಗೆ ಬಂದು ಸತ್ತಿತು, ಮಂಗಳವಾರ ಇನ್ನೊಂದಕ್ಕೆ. ಕೋಡು ಅದೇ, ಯಂತ್ರ ಅದೇ, ಸಾಯುವ ಜಾಗ ಮಾತ್ರ ಬೇರೆ. ಬುಧವಾರ ಲಿನಕ್ಸಿನ ತಿರುಳಾದ ಕರ್ನಲ್ಲೇ ಪರದೆಯ ಮೇಲೆ ಎರಡು ಸಾಲಿನಲ್ಲಿ ಬಾಯಿಬಿಟ್ಟಿತು: ತಲೆ ತಿರುಗುತ್ತಿದೆ, ಏನೂ ತೋಚುತ್ತಿಲ್ಲ, ಆದರೂ ಮುಂದುವರಿಯಲು ನೋಡುತ್ತಿದ್ದೇನೆ, ಬಹುಶಃ ನಿಮ್ಮ ಮೆಮೊರಿ ಚಿಪ್ ಕೆಟ್ಟಿದೆ. ನಮ್ಮ ಆಫೀಸಿನಲ್ಲಿ ಇಷ್ಟು ಪ್ರಾಮಾಣಿಕವಾಗಿ ಯಾರೂ ಮಾತಾಡಿದ್ದು ನಾನು ಕೇಳಿರಲಿಲ್ಲ.

ಓಡಿಹೋಗಿ ಉಪೇಂದ್ರ ಅವರನ್ನು ಕರೆತಂದು ಪರದೆ ತೋರಿಸಿ ಹೇಳಿದೆ: "ಸರ, ತಪ್ಪು ಕೋಡಿಂದಲ್ರಿ. ಮೆಮೊರಿ ಕೆಟ್ಟದ, ಬದಲಿ ಮಾಡಬೇಕ್ರಿ."

"ಅದಕ್ಕೆ ಅಪ್ರೂವಲ್ ಬರೋಕೆ ಹದಿನೈದು ದಿನ ಆಗುತ್ತಮ್ಮ," ಎಂದರು ಉಪೇಂದ್ರ, ಮೈಸೂರಿನ ಮೆತ್ತನೆಯ ದನಿಯಲ್ಲಿ. "ಕೋಡು ನಮ್ಮ ಕೈಯಲ್ಲೇ ಇದೆಯಲ್ಲ? ಅದರಿಂದ ಆ ಎರಡು ಸಾಲು ತೆಗೆದುಬಿಡು. ಗಿರಾಕಿ ನೋಡಿದ್ರೆ ಚೆನ್ನಾಗಿರಲ್ಲ."

"ತೆಗದ್ರ ಏನಾಗ್ಯದಂತ ಯಾರಿಗೂ ಗೊತ್ತಾಗಂಗಿಲ್ರಿ."

"ಅದೇ ತಾನೆ ಬೇಕಾಗಿರೋದು!"

ಆಗುವುದಿಲ್ಲ ಎನ್ನಬೇಕಿತ್ತು. ಕಾಯಂ ಆಗುವ ಪತ್ರ ಕಣ್ಣ ಮುಂದೆ ಬಂತು. ನಾಚಿಕೆಯಾಯಿತು, ಆದರೂ ಅಳಿಸಿದೆ. ಕಂಪೈಲನ್ನು ಸತ್ತಲ್ಲಿಂದ ಮತ್ತೆ ಮತ್ತೆ ಎಬ್ಬಿಸಿ ಗುರುವಾರ ಸಂಜೆಗೆ ಹೇಗೋ ಮುಗಿಸಿದೆ.

ಶುಕ್ರವಾರ ಗಿರಾಕಿಯ ಕಡೆಯಿಂದ ನಲಿನಿ ಮೇಡಂ ಬಂದರು. "ನೋಡಿ ಮೇಡಂ, ಪರದೆ ಎಷ್ಟು ಕ್ಲೀನ್! ಒಂದೇ ಒಂದು ಎರರ್ ಇಲ್ಲ," ಎಂದು ಉಪೇಂದ್ರ ಎದೆಯುಬ್ಬಿಸಿದರು. ಹನ್ನೊಂದನೆಯ ನಿಮಿಷಕ್ಕೆ ಯಂತ್ರ ನಿಂತೇಹೋಯಿತು. ಪರದೆ ಆಗಲೂ ಬಹಳ ಕ್ಲೀನಾಗಿಯೇ ಇತ್ತು.

"ಏನಾಯ್ತು?" ಎಂದರು ನಲಿನಿ ಮೇಡಂ.

ಉಪೇಂದ್ರ ನನ್ನತ್ತ ತಿರುಗಿದರು. "ಸುಮಂಗಲಾ, ಇಂಥ ಪ್ರಾಬ್ಲಮ್ ಇದ್ರೆ ಮೊದಲೇ ಹೇಳ್ಬೇಕಲ್ವಾ?"

ಮೈಯೆಲ್ಲ ಉರಿದುಹೋಯಿತು. "ನಾ ಹೇಳೀನ್ರಿ ಸರ. ಯಂತ್ರಾನೂ ಹೇಳಿತ್ತು. ನೀವ ಅಳಸು ಅಂದ್ರಿ."

ನಲಿನಿ ಮೇಡಂ ಫೈಲು ಮಡಚಿಕೊಂಡು ಎದ್ದರು.

ಸೋಮವಾರ ನನ್ನ ಮೇಜಿನ ಮೇಲೆ ಪತ್ರ ಬಂದಿತ್ತು. ಕಾಯಂ ಇಲ್ಲ, ಇನ್ನೂ ಆರು ತಿಂಗಳು ಟ್ರೇನಿ. ಕಾರಣವನ್ನು ಉಪೇಂದ್ರ ಅವರೇ ಕೈಯಾರೆ ಬರೆದಿದ್ದರು: ಕೆಲಸ ಉತ್ತಮ, ಆದರೆ ಸಮಸ್ಯೆಗಳನ್ನು ಸಕಾಲದಲ್ಲಿ ತಿಳಿಸುವ ಅಭ್ಯಾಸವಿಲ್ಲ.