ಆರು ಉಗುರಿನ ಉಂಗುರ

ಅವ್ವ ಮತ್ತು ನಾನು ಪಡಸಾಲೆಯಲ್ಲಿ ಕೂತು ಉಣ್ಣೆಗೆ ಅಂಟಿದ್ದ ಮುಳ್ಳು, ಕಸ ಆರಿಸುತ್ತಿದ್ದೆವು. ನನ್ನದು ಮೊದಲಿನಿಂದಲೂ ಮಾತು ಕಡಿಮೆ. ಅವ್ವ ಹಾಗಲ್ಲ, ಕೆಲಸಕ್ಕಿಂತ ಮುಂಚೆ ಅವಳ ಬಾಯಿ ಓಡುತ್ತದೆ. ಅಂದು ಮಾತ್ರ ತಲೆ ಎತ್ತಲಿಲ್ಲ.

ಹಣಮವ್ವ ಅತ್ತಿ ಬಾಗಿಲಲ್ಲಿ ನಿಂತು ನನ್ನನ್ನು ಕೂಗಿದಳು. “ಕಾಡವ್ವಾ, ಕೈ ತೊಳಕೊಂಡ ಬಾ. ಸಂಕೇಶ್ವರಕ್ಕ ಹೋಗೂದೈತಿ, ಉಂಗರ ನೋಡಾಕ. ಮಾಲಿಂಗನ ನಿಶ್ಚೆ ಬಂತಲ್ಲ.”

ನಾನು ಉಣ್ಣೆ ಬಿಟ್ಟು ಎದ್ದೆ. ಅತ್ತಿ ನನ್ನ ಸೋದರಮಾವ ಬೀರಸಿದ್ದಪ್ಪನ ಹೆಂಡತಿ. ಅವರ ಮಗ ಮಾಲಿಂಗನಿಗೆ ನಾನೇ ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಏಳನೇ ಇಯತ್ತೆಗೆ ನನ್ನ ಸಾಲಿ ಬಿಡಿಸಿದ್ದೂ ಮಾವನೇ. “ನಮ್ಮನಿಗಿ ಬರೂ ಹುಡಗಿ, ಇನ್ನ ಓದಿ ಏನ ಮಾಡ್ತಾಳ?” ಎಂದಿದ್ದ. ಮಾಲಿಂಗ ಓದಿದ, ಗೋಕಾಕದಲ್ಲಿ ನೌಕರಿ ಹಿಡಿದ. ನಾನು ಊರಲ್ಲೇ, ಹತ್ತರಗಿಯಲ್ಲಿ ಉಳಿದೆ.

ಸಂಕೇಶ್ವರದ ಅಂಗಡಿಯಲ್ಲಿ ಹರಳು ಕೂರಿಸುವ ನಬಿಸಾಬ ಎರಡು ಮಾದರಿ ಉಂಗುರ ಮುಂದಿಟ್ಟರು. ವಜ್ರವನ್ನು ಸಣ್ಣ ಸಣ್ಣ ಚಿನ್ನದ ಉಗುರುಗಳು ಹಿಡಿದುಕೊಂಡಿದ್ದವು.

“ನೋಡವಾ, ನಾಕ ಉಗರಿಂದಾದ್ರ ಹರಳ ದೊಡ್ಡದ ಕಾಣತೈತಿ. ಆರರದ್ದಾದ್ರ ಒಂಚೂರ ಮುಚ್ಚತೈತಿ, ಖರೆ ಒಂದ ಮುರದ್ರೂ ಐದ ಹಿಡದಿರ್ತಾವ.”

“ನೀನ ಆರಸ,” ಎಂದು ಅತ್ತಿ ನನ್ನ ಮೊಣಕೈ ತಿವಿದಳು.

ನಾನು ಎರಡನ್ನೂ ಹೆಗಲ ಮೇಲಿನ ಓಡ್ನಿಗೆ ಎಳೆದು ನೋಡಿದೆ. ನಾಲ್ಕು ಉಗುರಿನದು ಎತ್ತರವಿತ್ತು, ದಾರ ಹಿಡಿದುಕೊಂಡು ಬಂತು. ಆರರದು ತಗ್ಗಾಗಿ ಕೂತಿತ್ತು, ತುದಿಗಳು ದುಂಡಗಿದ್ದವು. ಎಲ್ಲಿಯೂ ತೊಡಕಲಿಲ್ಲ.

“ಆರರದ್ದ ಇರ್ಲಿ,” ಎಂದೆ. “ಉಣ್ಣಿ ಸಿಗಬೀಳೂದಿಲ್ಲ.”

ಅತ್ತಿ ಜೋರಾಗಿ ನಕ್ಕಳು. “ಈ ಉಂಗರದ ಕೈ ಉಣ್ಣಿ ಮುಟ್ಟೂದಿಲ್ಲ ತಗೊ!”

“ಹಂಗಾದ್ರ ಪುಣ್ಯಾವಂತಿ ಅದಿ ಬಿಡವಾ,” ಎಂದರು ನಬಿಸಾಬ. ನನಗೆ ನಾಚಿಕೆಯಾಗಿ ನೆಲ ನೋಡಿದೆ.

ಅಳತೆಯ ಉಂಗುರಗಳಲ್ಲಿ ಹದಿನಾಲ್ಕನೇ ನಂಬರು ನನ್ನ ಬೆರಳಿಗೆ ಸರಿಯಾಗಿ ಕೂತಿತು. ಅತ್ತಿ, “ಹನ್ನೆರಡ ಮಾಡ್ರಿ,” ಎಂದಳು.

“ಬಾಯಾರ, ಇಕಿ ಬೆರಳಿಗಿ ಇಳಿಯೂದಿಲ್ಲರಿ.”

“ಮಾಡ್ರಿ ನೀವ.”

ನಬಿಸಾಬ ಒಮ್ಮೆ ನನ್ನ ಮುಖ ನೋಡಿದರು. ಅದು ನನಗೆ ಕಂಡಿತು. ನನಗೆ ಎಲ್ಲ ಕಾಣುತ್ತದೆ. ಜಾರಿ ಬೀಳಬಾರದೆಂದು ಬಿಗಿ ಹೇಳಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಅತ್ತಿ ಮಾದರಿ ಉಂಗುರವನ್ನು ನನ್ನ ಕೈಗಿಟ್ಟು, “ಹಂಗ ಹಿಡಿ. ನಗ ಸ್ವಲ್ಪ. ಮಾಲಿಂಗಗ ಕಳಸ್ತೇನಿ,” ಎಂದು ಫೋಟೋ ಹೊಡೆದಳು. ನಾನು ನಕ್ಕೆ.

ಎಂಟು ದಿನದ ಮೇಲೆ ಮಾವ, ಅತ್ತಿ, ಜೊತೆಗೆ ನಮ್ಮ ಮನೆತನದ ಹಿರಿಯ ಮಾಳು ಕಾಕಾ ಬಂದರು. ತಟ್ಟೆಯಲ್ಲಿ ಸೀರೆ, ಕಾಯಿ. ನಾನು ಹೊಸ ಡ್ರೆಸ್ ಹಾಕಿಕೊಂಡು ಚಹಾ ಕೊಟ್ಟೆ.

ನಮ್ಮಲ್ಲಿ ಒಂದು ರೀತಿ ಇದೆ. ಮಾತಾದ ಸೋದರಿಕೆ ಬಿಟ್ಟು ಹುಡುಗನಿಗೆ ಬೇರೆ ಕಡೆ ಹೆಣ್ಣು ತರುವುದಾದರೆ, ಮೊದಲು ಈ ಹುಡುಗಿಯನ್ನೇ ಕೇಳಬೇಕು. ಅವಳು ಹಿರಿಯರ ಮುಂದೆ ಹೂಂ ಅಂದರೆ ಸೀರೆ ಕೊಟ್ಟು ಮಾತು ಬಿಡಿಸಿಕೊಳ್ಳುತ್ತಾರೆ. ಅವಳು ಒಲ್ಲೆ ಅಂದರೆ ಬೇರೆ ನಿಶ್ಚಯವಿಲ್ಲ.

“ಏನಪಾ ಬೀರಸಿದ್ದಪ್ಪಾ, ಹುಡಗೀನ ಕೇಳಿಯೇನ?” ಎಂದ ಮಾಳು ಕಾಕಾ.

“ಇನ್ನೇನ ಕೇಳೂದೈತೋ ಕಾಕಾ? ಮೂಡಲಗಿ ವಿಜಯಲಕ್ಷ್ಮಿಗಿ ಹಾಕೂ ಉಂಗರ ಆರಿಸಿದಾಕಿನ ಇಕಿ. ಆಕಿ ಡಿಗ್ರಿ ಆದಾಕಿ, ಮಾಲಿಂಗಗ ಒಪ್ಪತಾಳಂತ ಇಕಿಗೂ ಗೊತ್ತೈತಿ. ನೋಡ, ಹೆಂಗ ನಕ್ಕೋಂತ ನಿಂತಾಳ!”

ಅಂಗಡಿಯಲ್ಲಿ ಹೊಡೆದ ಫೋಟೋ ತೆರೆದು ಅತ್ತಿಯ ಫೋನು ಮಾಳು ಕಾಕಾನ ಕೈಗೆ ಹೋಯಿತು. ಅವನು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

“ಅಬಬಬ, ಮನಸ ದೊಡ್ಡದೈತಿ ನಮ್ಮ ಹುಡಗೀದು.”

ನಾನು ಅವ್ವನ ಕಡೆ ತಿರುಗಿದೆ. ಅವಳು ಆಗಲೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಯಾರೂ ತಾ ಅಂದಿರಲಿಲ್ಲ.

“ನಿನಗ ಗೊತ್ತಿತ್ತೇನವಾ?”

“ನನಗ ಇರಾಂವ ಒಬ್ಬನ ಅಣ್ಣ,” ಎಂದಳು ಅವ್ವ, ಬಟ್ಟಲು ನೋಡುತ್ತಾ. “ತವರಮನಿ ದಾರಿ ಮುಚ್ಚಬಾರ್ದಲ್ಲವಾ.”

ಅತ್ತಿ ಸೀರೆಯನ್ನು ನನ್ನ ತೋಳ ಮೇಲಿಟ್ಟಳು. ಅವ್ವ ಹಣೆಗೆ ಕುಂಕುಮ ಹಚ್ಚಲು ಬೆರಳೆತ್ತಿದಳು. ನಾನು ಮುಖ ಹಿಂದಕ್ಕೆ ತೆಗೆದೆ. ಹಿರಿಯರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ.

“ಮಾಳು ಕಾಕಾ, ನನ್ನ ಒಂದ ಸಲ ಕೇಳ್ರಿ.”

ಮಾವ ಹೊರಗಿನ ಗಾಡಿ ನೋಡಿದ. ಮಾಳು ಕಾಕಾ ಕಪ್ಪಿನ ಚಹಾ ಬಸಿಗೆ ಸುರುವಿಕೊಂಡ.

“ನನ್ನ ಕೇಳ್ರಿ.”